ಎರೆ ನೆಲದ ಮೇಲೊಂದು ಮನೆ

ಪುಟ್ಟಿ,

ಒತ್ತಕ್ಷರ ಜಾಸ್ತಿ ಬಂದರೆ ಬೈಯಬೇಡ. ಭಾನುವಾರದ ಕನ್ನಡ ಶಾಲೆಗೆ ಆರು ವರ್ಷ ನಿನ್ನನ್ನು ಕರೆದುಕೊಂಡು ಹೋಗಿದ್ದೇನೆ. ಆ ಪೆಟ್ರೋಲ್ ದುಡ್ಡು ಇವತ್ತಾದರೂ ವಸೂಲಾಗಲಿ. ಫೋನಿನಲ್ಲಿ ಹೇಳೋಣ ಅಂದರೆ ನಾನು ಎದ್ದಿರುವಾಗ ನೀನು ವಾರ್ಡಿನಲ್ಲಿರುತ್ತೀಯ, ನೀನು ಬಿಡುವಾಗುವಷ್ಟರಲ್ಲಿ ನಾನು ಗೊರಕೆ ಹೊಡೆಯುತ್ತಿರುತ್ತೇನೆ.

ಹೋದ ವಾರ ಅಮ್ಮನ ಹತ್ತಿರ ಮಾತಾಡುವಾಗ ನೀನು 'ನಿಮ್ಮ ಹೊಸ ಮನೆ ಹೇಗಿದೆ' ಅಂತ ಕೇಳಿದೆ. ಸ್ಪೀಕರ್ ಆನ್ ಇತ್ತು. ಅಮ್ಮ ಅದೇನನ್ನೂ ಗಮನಿಸದೆ ಅಡುಗೆಮನೆಯ ಡ್ರಾಯರ್‌ಗಳ ವರ್ಣನೆ ಶುರು ಮಾಡಿದಳು. ನನಗೆ ಮಾತ್ರ ಆ 'ನಿಮ್ಮ' ಕಿವಿಯಲ್ಲೇ ಉಳಿಯಿತು. ಕೋಪ ಅಲ್ಲ ಮಗಳೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಮೆಲ್ಬರ್ನ್‌ನ ಸನ್‌ಶೈನ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಯ ಸಮಾಚಾರ. ಹೊಸ ಮನೆಯ ಕೀ ಕೈಗೆ ಬಂದದ್ದು ಆಷಾಢದಲ್ಲಿ. ಆಯಿ, ಅಂದರೆ ನನ್ನವ್ವ, ನಮ್ಮೂರು ಬಾಗೇವಾಡಿಯಿಂದಲೇ ತಡೆದಳು. 'ಆಷಾಢದಾಗ ಹೊಸ ಮನಿ ಹೊಗಬ್ಯಾಡ್ರಿ ಮತ್ತ, ಶ್ರಾವಣ ಹತ್ತಲಿ' ಅಂದಳು. ಹಾಗಾಗಿ ಒಂದೇ ತಿಂಗಳಲ್ಲಿ ಬಾಡಿಗೆಯೂ ಹೋಯಿತು, ಸಾಲದ ಕಂತೂ ಹೋಯಿತು. ಆ ಹೆಚ್ಚಿನ ದಿನಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಬಾಡಿಗೆ ಮನೆಗೆ ಠೇವಣಿ ಇಟ್ಟಿದ್ದ ಬಾಂಡ್ ದುಡ್ಡು ಉಳಿಸಿಕೊಳ್ಳೋದು. ಕಾರ್ಪೆಟ್ ತೊಳೆಸಿದೆ, ಓವನ್ ಉಜ್ಜಿದೆ. ಮೈಕ್ರೋವೇವ್ ಎತ್ತಿದೆ ನೋಡು, ಅದರ ಅಡಿಯಲ್ಲಿ ಅಂಗೈ ಅಗಲ ಅರಿಶಿನದ ಕಲೆ!

ನೆನಪಿದೆಯಾ? ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಹುಟ್ಟುಹಬ್ಬಕ್ಕೆ ನೀನೇ ಒಗ್ಗರಣೆ ಅವಲಕ್ಕಿ ಮಾಡ್ತೀನಿ ಅಂತ ಹೋಗಿ ಡಬ್ಬಿ ಚೆಲ್ಲಿಕೊಂಡೆ. ಕಲೆ ಕಾಣದಿರಲಿ ಅಂತ ಅವತ್ತೇ ಮೈಕ್ರೋವೇವನ್ನು ಅಲ್ಲಿಗೆ ಸರಿಸಿದ್ದು ನಾನೇ. ಆಮೇಲೆ ಮರೆತೇ ಹೋಗಿತ್ತು. ವಿನೆಗರ್ ಹಾಕಿದೆ, ಅಡುಗೆ ಸೋಡಾ ಹಾಕಿದೆ, ಅಂಗಡಿಯಲ್ಲಿ ಸಿಕ್ಕ ದ್ರಾವಣವೆಲ್ಲ ಹಾಕಿದೆ. ಹೋಗಲಿಲ್ಲ. ಕೊನೆಗೆ ಅಮ್ಮ, 'ಸುಮ್ನೆ ಬಿಸಿಲಿಗೆ ಬಿಡಿ, ಅರಿಶಿನ ಬಿಸಿಲಿಗೆ ಹೋಗುತ್ತೆ' ಅಂದಳು. ಈ ದೇಶದಲ್ಲಿ ಸೂರ್ಯ ಉತ್ತರದ ಕಡೆ ವಾಲಿಕೊಂಡು ಹೋಗೋದು ನಿನಗೆ ಗೊತ್ತಲ್ಲ. ಚಳಿಗಾಲದಲ್ಲಿ ಇನ್ನೂ ಕೆಳಗಿರುತ್ತಾನೆ, ಬಿಸಿಲು ಉತ್ತರದ ಕಿಟಕಿಯಿಂದ ಓರೆಯಾಗಿ ಅಡುಗೆಮನೆಯ ಒಳಗಿನವರೆಗೂ ಬರುತ್ತದೆ. ಪರದೆ ಪೂರ್ತಿ ಎತ್ತಿಟ್ಟೆ. ಐದಾರು ದಿನದಲ್ಲಿ ಕಲೆ ಮಸುಕಾಯಿತು, ಹತ್ತನೇ ದಿನ ಇರಲೇ ಇಲ್ಲ. ಬಾಂಡ್ ಪೂರ್ತಿ ವಾಪಸ್ ಬಂತು. ನಿಜ ಹೇಳಲಾ, ಕಲೆ ಹೋದ ದಿನ ನನಗೆ ಖುಷಿಯಾಗಲಿಲ್ಲ.

ಈಗ ಹೊಸ ಮನೆ. ಜನವರಿಯಲ್ಲಿ ನೀನು ನೋಡಿದಾಗ ಬರೀ ಪೈನ್ ಕಟ್ಟಿಗೆಯ ಹಂದರ ಇತ್ತು. 'ಗೋಡೆ ಎಲ್ಲಿ ಅಪ್ಪ, ಇದು ಕೋಳಿ ಗೂಡು' ಅಂದಿದ್ದೆ. ಇಲ್ಲಿನ ಪದ್ಧತಿಯೇ ಹಾಗೆ. ಚಾವಣಿಯ ಭಾರ ಹೊರೋದು ಆ ಕಟ್ಟಿಗೆ. ಇಟ್ಟಿಗೆ ಹೊರಗಿನ ಅಂಗಿ ಅಷ್ಟೇ. ದುಡ್ಡು ಕೂಡ ಹಂತಹಂತವಾಗಿ ಕೊಡಬೇಕು. ಮುಂಗಡ ನೂರಕ್ಕೆ 5, ತಳ ಮುಗಿದರೆ 10, ಹಂದರಕ್ಕೆ 15, ಬಾಗಿಲು ಹಾಕಿ ಬೀಗ ಜಡಿಯುವಂತಾದರೆ 35, ಒಳಗಿನ ಕೆಲಸಕ್ಕೆ 25, ಉಳಿದದ್ದು ಕೊನೆಗೆ. ತಳ ಹಾಕಿ ಬಿಲ್ಡರ್ ನಾಲ್ಕು ತಿಂಗಳು ಮಾಯವಾದಾಗ ನಿಮ್ಮಮ್ಮನಿಗೆ ನಾನು ಹೇಳಿದ್ದ ಸುಳ್ಳುಗಳನ್ನು ಇಲ್ಲಿ ಬರೆಯೋದು ಬೇಡ.

ಆ ತಳದ ವಿಷಯಕ್ಕೇ ಬರುತ್ತೇನೆ. ಮಣ್ಣು ಪರೀಕ್ಷೆಯ ವರದಿ ಬಂದಾಗ ಅದರಲ್ಲಿ 'ಎಚ್2' ಅಂತ ಇತ್ತು. ಅಂದರೆ ಒಣಗಿದಾಗ ಕುಗ್ಗಿ, ನೆನೆದಾಗ ಉಬ್ಬಿ, ನೆಲ 60ರಿಂದ 75 ಮಿಲಿಮೀಟರ್‌ವರೆಗೂ ಏರಿಳಿಯಬಹುದು. ಓದಿ ನನಗೆ ನಗು ಬಂತು. ಇದು ನಮ್ಮೂರ ಎರೆ ಮಣ್ಣೇ ಅಲ್ವಾ! ಮೆಲ್ಬರ್ನ್‌ನ ಪಶ್ಚಿಮಕ್ಕೆ ಇರೋದೆಲ್ಲ ಹಳೆಯ ಲಾವಾ ಹರಿದು ಆದ ಬಯಲು. ವಿಜಯಪುರದ ಕಡೆಯ ಕರಿಕಲ್ಲೂ ಲಾವಾದ್ದೇ. ಕಲ್ಲು ಸವೆದು ಮಣ್ಣಾಗಿದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಹತ್ತು ಸಾವಿರ ಕಿಲೋಮೀಟರ್ ವಿಮಾನದಲ್ಲಿ ಬಂದು, ಮೂವತ್ತು ವರ್ಷದ ಸಾಲ ಮಾಡಿ, ಕೊಂಡದ್ದು ಅದೇ ಎರೆ ನೆಲ.

ಆಯಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು. 'ತಳಾ ಎಷ್ಟ ತೋಡೀರಿ?' ನಮ್ಮೂರಲ್ಲಿ ಗಟ್ಟಿ ನೆಲ ಸಿಗೋವರೆಗೂ ತೋಡಬೇಕು, ಇಲ್ಲದಿದ್ದರೆ ಗೋಡೆ ಸೀಳುತ್ತೆ. ಇಲ್ಲಿ ತೋಡಿದ್ದೇ ಕಡಿಮೆ. ಥರ್ಮೊಕೋಲಿನ ದೊಡ್ಡ ದೊಡ್ಡ ಪೆಟ್ಟಿಗೆ ಜೋಡಿಸಿ, ನಡುವಿನ ಸಂದಿಗೆ ಕಬ್ಬಿಣ ಇಟ್ಟು ಕಾಂಕ್ರೀಟ್ ಸುರಿದರು. ನೆಲ ಎದ್ದರೆ ಮನೆಯೂ ಒಟ್ಟಿಗೆ ಏಳಬೇಕು, ಇಳಿದರೆ ಒಟ್ಟಿಗೆ ಇಳಿಯಬೇಕು. 'ಹಂಗಾರ ಅದು ದೋಣಿ ಇದ್ದಂಗ ಆತಲ್ಲ' ಅಂದಳು ಆಯಿ. ಎಂಜಿನಿಯರ್ ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಗೋಡೆಯ ಪಕ್ಕ ಮರ ಹಾಕಬೇಡಿ, ನಲ್ಲಿ ಸೋರಲು ಬಿಡಬೇಡಿ, ಒಂದೇ ಕಡೆ ನೀರು ನಿಲ್ಲಿಸಬೇಡಿ ಅಂತ ಒಂದು ಪುಸ್ತಿಕೆ ಕೊಟ್ಟಿದ್ದಾರೆ. ಅದಕ್ಕೇ ನಿನ್ನ ಕರಿಬೇವು ಇನ್ನೂ ಕುಂಡದಲ್ಲೇ ಇದೆ. ಇಬ್ಬನಿ ಹೆಪ್ಪುಗಟ್ಟುವ ರಾತ್ರಿ ಅದನ್ನು ಗ್ಯಾರೇಜಿಗೆ ಎತ್ತಿಕೊಂಡು ಹೋಗೋದು ನನ್ನ ಡ್ಯೂಟಿ.

ಈಗ ಆ 'ನಿಮ್ಮ' ವಿಷಯ. 1994ರಲ್ಲಿ ನಾನು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದೆ. ಪಂಚಮಿ ರಜಕ್ಕೆ ಊರಿಗೆ ಹೋದರೆ ನಮ್ಮ ಮಣ್ಣಿನ ಮಾಳಿಗೆ ಮನೆ ಇರಲಿಲ್ಲ. ತೊಲೆ, ಜಂತಿ ಎಲ್ಲ ಬಿಚ್ಚಿ ಒಂದು ಕಡೆ ಒಟ್ಟಿದ್ದರು. ಮುತ್ಯಾ, ಅಂದರೆ ನನ್ನಪ್ಪ, ಸ್ಲ್ಯಾಬ್ ಮನೆ ಶುರು ಮಾಡಿದ್ದರು. ನನಗೊಂದು ಮಾತು ತಿಳಿಸಿರಲಿಲ್ಲ. ಬೆಳಕಿಂಡಿಯಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ಕೂತು ಓದಿದ ಹುಡುಗ ನಾನು. ಸಿಟ್ಟು ಬಂದು ಎರಡು ರಾತ್ರಿ ಗುಡಿಯ ಕಟ್ಟೆ ಮೇಲೆ ಮಲಗಿದೆ. ಮುತ್ಯಾ ಬಂದು ಕರೆಯಲಿಲ್ಲ. ಎರಡನೇ ರಾತ್ರಿ ಕೌದಿ ಮಾತ್ರ ಕಳಿಸಿದರು. ನಾನು ಆ ಮನೆಗೆ 'ನಿಮ್ಮ ಮನೆ' ಅಂತ ಎಷ್ಟು ವರ್ಷ ಅಂದೆನೋ ಲೆಕ್ಕವಿಲ್ಲ. ಈಗ ಆ ಸ್ಲ್ಯಾಬೂ ಸೋರುತ್ತದೆ, ಗೋಡೆ ಸೀಳಿದೆ. ಹೋದಾಗಲೆಲ್ಲ ಸಿಮೆಂಟು ಕಲೆಸಿ ಆ ಸೀಳು ತುಂಬೋದು ನಾನೇ.

ಪ್ರವೇಶದ ದಿನ ನೀನಿಲ್ಲದ್ದು ಬೇಜಾರೇ. ಆದರೆ ತಮಾಷೆಯೂ ಆಯಿತು. 2024ರಿಂದ ವಿಕ್ಟೋರಿಯಾದ ಹೊಸ ಬಡಾವಣೆಗಳಿಗೆ ಗ್ಯಾಸ್ ಕೊಡುತ್ತಿಲ್ಲ, ಎಲ್ಲ ಕರೆಂಟೇ. ಆಯಿ ಕೊಟ್ಟಿದ್ದ ಹಿತ್ತಾಳೆ ಬೋಗುಣಿಗೆ ಹಾಲು ಹಾಕಿ, ಕುಂಕುಮ ಹಚ್ಚಿ, ಇಂಡಕ್ಷನ್ ಒಲೆಯ ಮೇಲೆ ಇಟ್ಟೆವು. ಒಲೆ ಪೀಂ ಪೀಂ ಅಂತು, ಆರಿತು. ಮತ್ತೆ ಇಟ್ಟೆವು, ಮತ್ತೆ ಆರಿತು. ಅಯಸ್ಕಾಂತ ಅಂಟುವ ಪಾತ್ರೆ ಮಾತ್ರ ಆಗುತ್ತದಂತೆ, ಹಿತ್ತಾಳೆ ಇದ್ದದ್ದೇ ಅದಕ್ಕೆ ಗೊತ್ತಾಗಲ್ಲ. ಮುಹೂರ್ತ ಮೀರುತ್ತಿತ್ತು. ಸ್ಟೀಲ್ ಪಾತ್ರೆ ತರಲೇ ಅಂದರೆ ಅಮ್ಮ ಒಪ್ಪಲಿಲ್ಲ. ಪಕ್ಕದ ಮನೆಯ ಪಂಜಾಬಿ ಅಂಕಲ್ ಕ್ಯಾಂಪಿಂಗ್‌ಗೆ ಒಯ್ಯುವ ಪುಟ್ಟ ಗ್ಯಾಸ್ ಒಲೆ ತಂದುಕೊಟ್ಟರು. ಹಿತ್ತಲ ಕಡೆಯ ಜಗಲಿಯಲ್ಲಿ, ಗಾಳಿಗೆ ಅಡ್ಡ ನಿಂತು, ಹಾಲು ಉಕ್ಕಿಸಿದೆವು. ಪೂರ್ವಕ್ಕೇ ಉಕ್ಕಿತು. ಗಾಳಿ ಆ ಕಡೆ ತಳ್ಳಿದ್ದು ಅಂತ ಆಯಿಗೆ ಹೇಳಿಲ್ಲ. ಒಳಗೆ ಬಂದು ಲೋಬಾನ ಹಾಕಿದ್ದೇ ತಡ, ಹೊಗೆ ಅಲಾರಾಂ ಒಂದು ಕೂಗಿತು. ಅವಕ್ಕೆ ಒಂದಕ್ಕೊಂದು ತಂತಿ ಸಂಬಂಧ, ಮನೆಯ ಎಲ್ಲ ಅಲಾರಾಂಗಳೂ ಸೇರಿ ಕೂಗಿದವು. ನಮ್ಮ ಮಂಗಳವಾದ್ಯ ಅದೇ.

ಹೊಸ್ತಿಲು ಮಾತ್ರ ಅಮ್ಮನಿಗೆ ಸಮಾಧಾನವಿಲ್ಲ. ಎರಡು ಬೆರಳಗಲದ ಪಟ್ಟಿ ಅದು. ಅದಕ್ಕೇ ಅರಿಶಿನ ಹಚ್ಚುತ್ತಾಳೆ. ಬಾಗಿಲು ಉತ್ತರಕ್ಕಿದೆ, ಬಿಸಿಲಿಗೆ ನಾಲ್ಕು ದಿನದಲ್ಲಿ ಬಿಳಚಿಕೊಳ್ಳುತ್ತೆ. ಮತ್ತೆ ಹಚ್ಚುತ್ತಾಳೆ. ರೊಟ್ಟಿಯೂ ಉಬ್ಬುತ್ತಿಲ್ಲ. ಹಂಚು ಕಬ್ಬಿಣದ್ದು, ಕಾಯುತ್ತದೆ, ಆದರೆ ಕೊನೆಗೆ ಕೆಂಡಕ್ಕೋ ಉರಿಗೋ ಹಿಡಿಯಬೇಕಲ್ಲ. ಅಂಕಲ್ ಒಲೆ ಇನ್ನೂ ನಮ್ಮಲ್ಲೇ ಇದೆ. ವಾಪಸ್ ಕೊಡೋಕೆ ಹೋದರೆ ಅವರು ಪರೋಟ ಕೊಟ್ಟು ಕಳಿಸುತ್ತಾರೆ, ಒಲೆ ತಗೊಳ್ಳಲ್ಲ.

ಪಂಚಮಿಗೆ ಹೆಣ್ಣುಮಕ್ಕಳು ಬರಬೇಕು ಅನ್ನೋದು ನಮ್ಮ ಕಡೆಯ ಕಟ್ಟಳೆ. ನಿನಗೆ ಆಸ್ಪತ್ರೆಯ ಪ್ಲೇಸ್‌ಮೆಂಟ್ ಇತ್ತು, ನೀನಿರುವ ಟೌನ್ಸ್‌ವಿಲ್ ಏನು ಪಕ್ಕದ ಊರಲ್ಲ. ಶೇಂಗಾ ಉಂಡಿ ಡಬ್ಬಿಯಲ್ಲಿವೆ, ನನ್ನಿಂದ ಅಮ್ಮ ಬಚ್ಚಿಟ್ಟಿದ್ದಾಳೆ. ಜೋಕಾಲಿ ಕಟ್ಟೋಕೆ ಜಗಲಿಯ ತೊಲೆ ತಾಳುತ್ತದಾ ಅಂತ ಬಿಲ್ಡರ್‌ಗೆ ಮೇಲ್ ಹಾಕಿದ್ದೇನೆ. ಉತ್ತರ ಬಂದಿಲ್ಲ. ನಿನ್ನ ರೂಮಿನ ಗೋಡೆಗೆ ನಾನು ಮೊಳೆ ಹೊಡೆದಿಲ್ಲ. ಪ್ಲಾಸ್ಟರ್ ಹಲಗೆ ಅದು, ಹಿಂದೆ ಕಟ್ಟಿಗೆ ಎಲ್ಲಿದೆ ಅಂತ ಬೆರಳಲ್ಲಿ ಬಡಿದು ನೋಡಬೇಕು. ಏನು ತೂಗುಹಾಕಬೇಕು, ಎಲ್ಲಿ ಅಂತ ನೀನೇ ಬಂದು ಬಡಿದು ನೋಡು.

ಸೆಪ್ಟೆಂಬರ್‌ನಲ್ಲಿ ಬರುವಾಗ ಒಂದು ವಿಷಯ. ನಮ್ಮ ರಸ್ತೆ ಇನ್ನೂ ಮ್ಯಾಪಿನಲ್ಲಿ ಸರಿಯಾಗಿ ಬಂದಿಲ್ಲ. ಟ್ಯಾಕ್ಸಿಯವನು ಹೊಲದ ನಡುವೆ ಇಳಿಸಿಬಿಡುತ್ತಾನೆ. ಸನ್‌ಶೈನ್‌ನಲ್ಲಿ ನೀನು ಹತ್ತುತ್ತಿದ್ದ ಸ್ಟೇಷನ್ನಿಗೇ ಬಂದು ಮೆಲ್ಟನ್ ಕಡೆಯ ರೈಲು ಹಿಡಿ. ರಾಕ್‌ಬ್ಯಾಂಕ್‌ನಲ್ಲಿ ಇಳಿ. ನಾನು ಬರೋದು ತಡವಾದರೆ ನಡೆದು ಬಾ. ಹಳೆಯ ರೈತರು ಹೊಲದ ಕರಿಕಲ್ಲು ಆಯ್ದು, ಗಾರೆ ಇಲ್ಲದೆ ಒಟ್ಟಿದ ಗೋಡೆಯೊಂದು ಸಿಗುತ್ತದೆ. ನಮ್ಮೂರ ಬದುವಿನ ಥರವೇ ಇದೆ. ಅದು ಮುಗಿದಲ್ಲಿ ಎಡಕ್ಕೆ ತಿರುಗು, ಕಾಂಕ್ರೀಟ್ ಪೈಪುಗಳ ರಾಶಿ ದಾಟಿ ಮೂರನೇ ಮನೆ. ಹೊಸ್ತಿಲು ಹಳದಿ ಇರುತ್ತದೆ, ಇಲ್ಲದಿದ್ದರೆ ಅಮ್ಮ ಹಚ್ಚೋ ದಿನ ಬಂದಿದೆ ಅಂತ ತಿಳಿ.

ನಿನ್ನ
ಅಪ್ಪ