ಯೇಹುವಿನ ರಥವೂ ಯೆಹೋಯಾದನ ಪೆಟ್ಟಿಗೆಯೂ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕಳೆದ ಭಾನುವಾರದ ಚಿಂತನ ಅಂಕಣದಲ್ಲಿ ಸತ್ಯವೇದದ (ಬೈಬಲಿನ) ಅರಸುಗಳ ಎರಡನೆಯ ಭಾಗದಲ್ಲಿ ಬರುವ ಇಸ್ರಾಯೇಲಿನ ಅರಸ ಯೇಹುವನ್ನು ಯುವ ಮುಖಂಡರಿಗೆ ಮಾದರಿ ಎಂದು ಕೊಂಡಾಡಲಾಗಿದೆ. ಯೆಹೋವ ದೇವರ ವಿಷಯದಲ್ಲಿ ನನಗಿರುವ ಆಸಕ್ತಿಯನ್ನು ಬಂದು ನೋಡು ಎಂದು ಅವನು ರೇಕಾಬನ ಮಗ ಯೆಹೋನಾದಾಬನನ್ನು ರಥಕ್ಕೆ ಹತ್ತಿಸಿಕೊಂಡ ಪ್ರಸಂಗವನ್ನು ಲೇಖಕರು ಮೈದುಂಬಿ ವರ್ಣಿಸಿದ್ದಾರೆ. ಕೋಲಾರ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡುತ್ತಲೇ ನಿವೃತ್ತನಾದವನು ನಾನು. ಯಾವ ಅಧ್ಯಕ್ಷರು ತಮ್ಮ ನಿಷ್ಠೆಯ ಬಗ್ಗೆ ಹೆಚ್ಚು ಮಾತನಾಡುತ್ತಿದ್ದರೋ ಅವರ ನಗದು ಪುಸ್ತಕವನ್ನೇ ಮೊದಲು ತರಿಸುತ್ತಿದ್ದೆ. ಯೇಹುವಿನ ಪುಸ್ತಕವನ್ನೂ ಹಾಗೆಯೇ ತೆಗೆದು ನೋಡಬೇಕಾಗಿದೆ.

ಅವನ ಕೋಪಕ್ಕೆ ಕಾರಣವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಯೇಹುವಿಗಿಂತ ಮೊದಲು ಆಳಿದ ಅಹಾಬ ಅರಸನ ಕಣ್ಣು ನಾಬೋತನೆಂಬವನ ದ್ರಾಕ್ಷೆಯ ತೋಟದ ಮೇಲೆ ಬಿತ್ತು. ಪಿತ್ರಾರ್ಜಿತ ಭೂಮಿಯನ್ನು ಕೊಡಲಾರೆ ಎಂದವನ ಮೇಲೆ ಅಹಾಬನ ರಾಣಿ ಈಜೆಬೆಲಳು ಸುಳ್ಳುಸಾಕ್ಷಿ ಹೇಳಿಸಿ ಕಲ್ಲೆಸೆದು ಕೊಲ್ಲಿಸಿದಳು. ಬೆಂಗಳೂರು ನಮ್ಮ ಹೊಲಗಳ ಕಡೆಗೆ ಬೆಳೆಯುತ್ತಿರುವ ಈ ಕಾಲದಲ್ಲಿ ಮಾಲೂರಿನ ರೈತನಿಗೆ ಆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಹಾಬನ ಮಗ, ಆಗ ಅರಸನಾಗಿದ್ದ ಯೋರಾಮನನ್ನು ಯೇಹು ಕೊಂದು ಶವವನ್ನು ಅದೇ ಹೊಲದಲ್ಲಿ ಎಸೆಯಿಸಿದ್ದು ಪ್ರವಾದನೆಯಂತೆಯೇ ಆಯಿತು.

ಅಲ್ಲಿಗೆ ನಿಂತಿದ್ದರೆ ಸರಿ, ನಿಲ್ಲಲಿಲ್ಲ. ಅಹಾಬನ ಎಪ್ಪತ್ತು ಮಂದಿ ಮಕ್ಕಳ ತಲೆಗಳು ಬುಟ್ಟಿಗಳಲ್ಲಿ ಇಜ್ರೇಲಿಗೆ ಬಂದವು. ನೆಂಟರನ್ನು ನೋಡಲು ಹೊರಟಿದ್ದ ಯೆಹೂದದ ರಾಜಮನೆತನದ ನಲವತ್ತೆರಡು ಜನ ದಾರಿಯಲ್ಲಿ ಸಿಕ್ಕರು. ಅವರಲ್ಲಿ ಒಬ್ಬನೂ ಉಳಿಯಲಿಲ್ಲ. ಆಮೇಲೆ ಯೇಹು, ಅಹಾಬನಿಗಿಂತ ನಾನೇ ಬಾಳ ದೇವರನ್ನು ಹೆಚ್ಚಾಗಿ ಸೇವಿಸುತ್ತೇನೆ ಎಂದು ಸುಳ್ಳು ಸಾರಿ, ಬಾಳನ ಭಕ್ತರನ್ನೆಲ್ಲ ಉತ್ಸವಕ್ಕೆ ಕರೆದು, ಉತ್ಸವದ ಬಟ್ಟೆಯನ್ನೂ ತೊಡಿಸಿ, ಹೊರಗೆ ಎಂಬತ್ತು ಜನರನ್ನು ಕಾವಲಿಟ್ಟು ಎಲ್ಲರನ್ನೂ ಕೊಲ್ಲಿಸಿದನು. ಅಂಕಣಕಾರರು ಇಲ್ಲಿಗೆ ಓದು ನಿಲ್ಲಿಸಿದಂತಿದೆ. ಮುಂದಿನ ಸಾಲಿನಲ್ಲೇ ಇದೆ ಆಕ್ಷೇಪಣೆ: ಬೇತೇಲ್ ಮತ್ತು ದಾನ್ ಊರುಗಳ ಬಂಗಾರದ ಬಸವನಮೂರ್ತಿಗಳನ್ನು ಅವನು ಮುಟ್ಟಲಿಲ್ಲ.

ಏಕೆ ಮುಟ್ಟಲಿಲ್ಲ? ಆ ಮೂರ್ತಿಗಳನ್ನು ನಿಲ್ಲಿಸಿದವನು ಯೆಹೂದದಿಂದ ಬೇರೆಯಾದ ಇಸ್ರಾಯೇಲಿನ ಮೊದಲ ಅರಸ, ಒಂದನೆಯ ಯಾರೊಬ್ಬಾಮ. ಜನ ಆರಾಧನೆಗೆ ಯೆಹೂದದ ರಾಜಧಾನಿ ಯೆರೂಸಲೇಮಿಗೆ ಹೋದರೆ ಅವರ ಮನಸ್ಸೂ ಅತ್ತ ತಿರುಗಿ ತನ್ನ ಪಟ್ಟ ಹೋದೀತೆಂಬ ಭಯದಿಂದ ನಿಲ್ಲಿಸಿದ್ದನು. ಬಾಳನ ಗುಡಿಯನ್ನು ಕೆಡವಿ ಪಾಯಖಾನೆ ಮಾಡಿದರೆ ಯೇಹುವಿಗೆ ನಷ್ಟವಿಲ್ಲ. ಬೇತೇಲನ್ನು ಕೆಡವಿದರೆ ಸಿಂಹಾಸನವೇ ಅಲುಗಾಡುತ್ತದೆ. ಬೇರೆಯವರ ವಿಗ್ರಹಗಳ ಮೇಲೆ ಉರಿದ ಆಸಕ್ತಿ ತನ್ನ ಕುರ್ಚಿಗೆ ಆಧಾರವಾಗಿದ್ದ ವಿಗ್ರಹದ ಮುಂದೆ ತಣ್ಣಗಾಯಿತು. ಅಹಾಬನ ಮನೆತನವನ್ನು ಶಿಕ್ಷಿಸಿದ್ದಕ್ಕಾಗಿ ಅವನ ವಂಶಕ್ಕೆ ನಾಲ್ಕು ತಲೆಮಾರು ಪಟ್ಟ ಸಿಗುವುದೆಂದು ಅದೇ ಅಧ್ಯಾಯ ಹೇಳುತ್ತದೆ, ನಿಜ. ಆದರೆ ಮುಂದೆ ಪ್ರವಾದಿ ಹೋಶೇಯನ ಗ್ರಂಥದ ಮೊದಲ ಅಧ್ಯಾಯದಲ್ಲಿ ಇಜ್ರೇಲಿನ ರಕ್ತಕ್ಕಾಗಿ ಯೇಹುವಿನ ಮನೆತನವನ್ನೇ ದಂಡಿಸುವೆನೆಂಬ ಮಾತು ಬರುತ್ತದೆ. ಎರಡನ್ನೂ ಒಂದೇ ಗ್ರಂಥದಲ್ಲಿ ಉಳಿಸಿಕೊಂಡವರ ಪ್ರಾಮಾಣಿಕತೆ ದೊಡ್ಡದು. ಇನ್ನು, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅಸ್ಸೀರಿಯದ ಕಪ್ಪುಗಂಬದ ಮೇಲೆ ಯೇಹು ಕಪ್ಪ ಒಪ್ಪಿಸಿದ ಚಿತ್ರವಿದೆ, ಕ್ರಿ.ಪೂ. 841ರ ಸಂಗತಿ. ಅಸ್ಸೀರಿಯದ ಅರಸ ಮೂರನೆಯ ಶಲ್ಮನೆಸೆರನ ಕಾಲಿಗೆ ಬೀಳುವಾಗ ಆ ಆಸಕ್ತಿ ಎಲ್ಲಿತ್ತೋ!

 

ಮಾದರಿ ಬೇಕಿದ್ದರೆ ಅಂಕಣಕಾರರು ಅದೇ ಅರಸುಗಳ ಎರಡನೆಯ ಭಾಗದಲ್ಲಿ ಎರಡು ಅಧ್ಯಾಯ ಮುಂದೆ ಹೋಗಲಿ. ಯೇಹುವಿನ ಆಳಿಕೆಯ ಏಳನೆಯ ವರ್ಷದಲ್ಲಿ ಯೆರೂಸಲೇಮಿನಲ್ಲಿ ಬಾಲಕ ಯೋವಾಷನು ಅರಸನಾದನು. ದೇವಾಲಯದ ದುರಸ್ತಿಗೆ ಬರುವ ಹಣ ಯಾಜಕರ ಕೈಯಲ್ಲಿತ್ತು. ಯೋವಾಷನ ಇಪ್ಪತ್ತಮೂರನೆಯ ವರ್ಷವಾದರೂ ಗೋಡೆ ದುರಸ್ತಿಯಾಗಿರಲಿಲ್ಲ. ಅರಸನು ಯಾರ ತಲೆಯನ್ನೂ ತೆಗೆಯಲಿಲ್ಲ. ಯಾಜಕರಿಗೆ, ಇನ್ನು ಮುಂದೆ ನೀವು ಹಣ ತೆಗೆದುಕೊಳ್ಳಬೇಡಿ ಎಂದನು. ಮಹಾಯಾಜಕ ಯೆಹೋಯಾದನು ಒಂದು ಪೆಟ್ಟಿಗೆ ತರಿಸಿ, ಮುಚ್ಚಳಕ್ಕೆ ತೂತು ಕೊರೆಯಿಸಿ, ಯಜ್ಞವೇದಿಯ ಬಲಗಡೆ ಇರಿಸಿದನು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಜೊತೆಯಾಗಿ ಎಣಿಸಿ ಚೀಲಕ್ಕೆ ಕಟ್ಟುತ್ತಿದ್ದರು. ಒಬ್ಬ ಸರ್ಕಾರದ ಕಡೆಯವನು, ಒಬ್ಬ ಗುಡಿಯ ಕಡೆಯವನು! ನಾನು ಸಂಘಗಳ ತಪಾಸಣಾ ವರದಿಗಳಲ್ಲಿ ಬರೆದು ಬರೆದು ಸೋತ ಸಲಹೆ ಇದೇ. ಹಣ ಬಡಗಿಗಳಿಗೆ, ಕಲ್ಲುಕುಟಿಗರಿಗೆ, ಮರಕ್ಕೆ, ಕಲ್ಲಿಗೆ ಹೋಯಿತು. ಬೆಳ್ಳಿ ಬಟ್ಟಲು, ತುತೂರಿಗಳಿಗೆ ಹೋಗಲಿಲ್ಲ. ಕೆಲಸ ಮಾಡಿಸಿದವರು ನಂಬಿಗಸ್ತರಾಗಿದ್ದುದರಿಂದ ಅವರಿಂದ ಲೆಕ್ಕ ಕೇಳಲಿಲ್ಲ ಎಂಬ ಒಂದು ವಾಕ್ಯವೂ ಅಲ್ಲಿದೆ. ಅದನ್ನು ಮಾತ್ರ ನಾನು ಈಗಲೂ ಮನಸ್ಸಿಲ್ಲದೆ ಓದುತ್ತೇನೆ.

ಪ್ರವಾದಿ ಸಮುವೇಲನು ಮುದುಕನಾದ ಮೇಲೆ ಜನರೆದುರು ನಿಂತು, ಯಾರ ಎತ್ತನ್ನು, ಯಾರ ಕತ್ತೆಯನ್ನು ತೆಗೆದುಕೊಂಡಿದ್ದೇನೆ, ಹೇಳಿ ಎಂದು ಕೇಳಿದ್ದೂ ಇದೇ ಸಾಲಿನದು. ಅವನ ಮಕ್ಕಳು ಲಂಚ ತಿನ್ನುತ್ತಿದ್ದರು. ನಿನ್ನ ಮಕ್ಕಳು ನಿನ್ನ ಮಾರ್ಗದಲ್ಲಿ ನಡೆಯುತ್ತಿಲ್ಲ ಎಂದು ಹಿರಿಯರು ಅವನ ಮುಖಕ್ಕೇ ಹೇಳಿದ್ದರು. ಹೇಳಿದವರನ್ನು ಯಾರೂ ದೇವದ್ರೋಹಿಗಳೆಂದು ಕರೆಯಲಿಲ್ಲ.

ನಮ್ಮ ಕಡೆ ಕರೆಯುತ್ತಾರೆ. ಜಿಲ್ಲೆಯ ಒಂದು ಕ್ರೈಸ್ತ ಸಭೆಯಲ್ಲಿ ಚರ್ಚಿನ ಆವರಣದ ಅಂಗಡಿಗಳ ಬಾಡಿಗೆ ಎಲ್ಲಿಗೆ ಹೋಗುತ್ತಿದೆ ಎಂದು ನಾನು ಕೇಳಿದ್ದಕ್ಕೆ, ದೇವರ ಸೇವಕರನ್ನು ಸಂಶಯಪಡುತ್ತೀಯಾ ಎಂಬ ಉತ್ತರ ಬಂತು. ಅದೇ ಬಾಯಿ ಮುಂದಿನ ವಾರ ಯೇಹುವಿನ ಮೇಲೆ ಪ್ರಸಂಗ ಮಾಡಿತು. ಊರ ದೇವರ ಹುಂಡಿಯ ವಿಷಯದಲ್ಲಿ ಹೀಗೆಯೇ ಬಾಯಿ ಮುಚ್ಚಿಸಿಕೊಂಡ ಮುಳಬಾಗಿಲು ಕಡೆಯ ಗೆಳೆಯರೂ ನನಗಿದ್ದಾರೆ.

ನಮ್ಮ ಚರ್ಚಿನ ವಾರ್ಷಿಕ ಮಹಾಸಭೆ ಮುಂದಿನ ತಿಂಗಳಿದೆ. ಕಾಣಿಕೆ ಎಣಿಸುವಾಗ ಇಬ್ಬರಿರಬೇಕು, ಅವರಿಬ್ಬರೂ ಒಂದೇ ಮನೆಯವರಾಗಿರಬಾರದು, ಬಾಡಿಗೆ ರಸೀದಿಯ ಪ್ರತಿ ಸೂಚನಾ ಫಲಕದ ಮೇಲಿರಬೇಕು ಎಂದು ಬರವಣಿಗೆಯಲ್ಲಿ ಕೊಟ್ಟಿದ್ದೇನೆ. ಸ್ವೀಕೃತಿಯ ಸಹಿಯನ್ನೂ ಪಡೆದಿದ್ದೇನೆ.

– ನಿವೃತ್ತ ಲೆಕ್ಕಪರಿಶೋಧಕ, ಕೋಲಾರ