ಕಲ್ಲಿದ್ದಲು ಗ್ಯಾಸಿನ ಪಾಠ ಮತ್ತು ಶನಿವಾರದ ಪ್ರಯೋಗ: 8ನೇ ತರಗತಿಯ ಪಾಲಕರಿಗೆ ಪತ್ರ

ಪ್ರೀತಿಯ ಪಾಲಕರೇ,

ನಮಸ್ಕಾರ. ಕಳೆದ ಶನಿವಾರ ಶಾಲೆಯ ಲ್ಯಾಬಿನಲ್ಲಿ ಕಲ್ಲಿದ್ದಲು ಕಾಯಿಸಿ ಗ್ಯಾಸ್ ಮಾಡುವ ಪ್ರಯೋಗ ನೋಡಿ ಮಕ್ಕಳು ಮನೆಗೆ ಬಂದಾಗ ಬಟ್ಟೆಯಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ ಇತ್ತು. ಒಬ್ಬ ಹುಡುಗನ ಬಿಳಿ ಅಂಗಿಗೆ ಕಪ್ಪು ಕಲೆ ಹತ್ತಿತ್ತು, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಇಬ್ಬರಿಗೆ ತಲೆ ನೋಯಿತು. ಸೋಮವಾರ ನಿಮ್ಮಲ್ಲಿ ಹಲವರು ಶಾಲೆಗೆ ಬಂದಿರಿ, ಇನ್ನು ಕೆಲವರು ಫೋನ್ ಮಾಡಿದಿರಿ. ಆ ಗಡಿಬಿಡಿಯಲ್ಲಿ ಎಲ್ಲರಿಗೂ ಸಮಾಧಾನವಾಗಿ ಉತ್ತರ ಕೊಡಲು ನನಗೆ ಆಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ನಮ್ಮ ತಪ್ಪು. ಗಾಳಿಗೆ ಬರ್ನರ್ ಆರುತ್ತದೆ ಎಂದು ಲ್ಯಾಬಿನ ಒಂದು ಬದಿಯ ಕಿಟಕಿಗಳನ್ನು ಮುಚ್ಚಿದ್ದೆವು. ಮುಚ್ಚಬಾರದಿತ್ತು. ಕಲ್ಲಿದ್ದಲು ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದು ವಿಷ. ಕಾಯಿಸಿದ್ದು ಒಂದು ಚಮಚ ಪುಡಿ ಮಾತ್ರ, ಆದರೂ ಅದು ಕೋಣೆಯೊಳಗೆ ಮಾಡುವ ಪ್ರಯೋಗ ಅಲ್ಲ. ಆ ಇಬ್ಬರು ಮಕ್ಕಳ ಮನೆಗೆ ನಾನೇ ಹೋಗಿ ಬಂದೆ, ಆರಾಮಾಗಿದ್ದಾರೆ. ಅಂಗಿಯನ್ನು ಶಾಲೆಯಿಂದ ಹೊಸದು ಕೊಡಿಸಿದ್ದೇವೆ. ಆದದ್ದಕ್ಕೆ ಕ್ಷಮೆ ಕೇಳುತ್ತೇನೆ.

ಆದರೆ ನಿಮ್ಮ ಹೆಚ್ಚಿನ ಸಿಟ್ಟು ವಾಸನೆಯ ಮೇಲೆ ಇರಲಿಲ್ಲ, ಅಲ್ವಾ? "ಪುಸ್ತಕದಲ್ಲಿ ನಾಲ್ಕು ಸಾಲು ಇರುವ ವಿಷಯಕ್ಕೆ ಮೂರು ವಾರ ಯಾಕೆ? ಎಲ್ಲೋ ಅಮೆರಿಕದ ಹಳೆಯ ಗ್ಯಾಸ್ ಫ್ಯಾಕ್ಟರಿ ತಗೊಂಡು ನಮ್ಮ ಮಕ್ಕಳು ಏನು ಮಾಡಬೇಕು?" ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಪುಸ್ತಕದಲ್ಲಿ ಇರುವುದು ಕೆಲವೇ ಸಾಲು, ನಿಜ. ಮೂರು ವಾರ ಅಂದರೆ ಮೂರು ಶನಿವಾರ, ದಿನಕ್ಕೆ ಎರಡು ಪಿರಿಯಡ್. ಗಣಿತದ ಪಾಠ ಹಿಂದೆ ಬಿದ್ದಿಲ್ಲ. ವಿಜ್ಞಾನದ ಪಾಠವೂ ಬಿದ್ದಿಲ್ಲ. ಇದನ್ನು ಮೂರು ಸಲ ಬೇಕಾದರೂ ಹೇಳುತ್ತೇನೆ, ಯಾಕೆಂದರೆ ಅಂಕದ ಚಿಂತೆ ನನಗೂ ಇದೆ.

ಆ ನಾಲ್ಕು ಸಾಲನ್ನು ಬಾಯಿಪಾಠ ಮಾಡಿಸುವುದು ಸುಲಭ. ಹಾಗೆ ಮಾಡಿದರೆ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ. ಕಮ್ಮಾರರ ಕುಲುಮೆಯಿಂದ ತಂದ ಕಲ್ಲಿದ್ದಲಿನ ಪುಡಿಯನ್ನು ನಮ್ಮ ವಿಜ್ಞಾನದ ಸರ್ ಗಾಜಿನ ನಳಿಗೆಯಲ್ಲಿ ಹಾಕಿ, ಒಳಗೆ ಗಾಳಿ ಹೋಗದಂತೆ ಬಿಗಿದು ಕಾಯಿಸಿದರು. ಗಾಳಿ ಇಲ್ಲದ್ದರಿಂದ ಕಲ್ಲಿದ್ದಲು ಉರಿಯಲಿಲ್ಲ, ಬೇರೆ ಬೇರೆ ವಸ್ತುಗಳಾಗಿ ಒಡೆಯಿತು. ಪಕ್ಕದ ನಳಿಗೆಯಲ್ಲಿ ಕಪ್ಪು ಡಾಂಬರು ಇಳಿಯಿತು, ಅದರ ಮೇಲೆ ಅಮೋನಿಯಾ ಬೆರೆತ ನೀರು. ಸಣ್ಣ ತೂತಿನಿಂದ ಬಂದ ಗ್ಯಾಸಿಗೆ ಕಡ್ಡಿ ಗೀರಿದಾಗ ಜ್ವಾಲೆ ಎದ್ದಿತು. ನಳಿಗೆಯ ತಳದಲ್ಲಿ ಉಳಿದದ್ದು ಕೋಕ್, ಅಂದರೆ ಹೆಚ್ಚಾಗಿ ಇಂಗಾಲವೇ ಇರುವ ಗಟ್ಟಿ ಇದ್ದಿಲು. ಇಡೀ ಫ್ಯಾಕ್ಟರಿ ಒಂದು ಮೇಜಿನ ಮೇಲೆ.

ಇದನ್ನೇ ದೊಡ್ಡದಾಗಿ ಮಾಡಿ ಊರುಗಳಿಗೆ ಬೆಳಕು ಕೊಟ್ಟರು. ಲಂಡನ್ನಿನಲ್ಲಿ 1812ರಲ್ಲೇ ಗ್ಯಾಸ್ ಕಂಪನಿ ಶುರುವಾಯಿತು. ಕಲ್ಕತ್ತಾದ ಬೀದಿಗಳಿಗೆ 1857ರಲ್ಲಿ ಗ್ಯಾಸ್ ದೀಪ ಬಂತು, ಮುಂಬೈಗೆ 1865ರಲ್ಲಿ. ಆಗ ನಮ್ಮ ವಿಜಯಪುರವೂ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. ಮುಂಬೈನ ಲಾಲ್‌ಬಾಗ್‌ನಲ್ಲಿ ಗ್ಯಾಸ್ ಕಂಪನಿ ಲೇನ್ ಎಂಬ ಓಣಿ ಈಗಲೂ ಇದೆ. ಗಿರಣಿ ಕೆಲಸಕ್ಕೆ ಮುಂಬೈಗೆ ಹೋಗಿ ಬಂದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ.

ಇನ್ನು ಆ ಅಮೆರಿಕದ ಫ್ಯಾಕ್ಟರಿ. ಅದು ಸಿಯಾಟಲ್ ಊರಿನದು, ಒಂದು ಕೆರೆಯ ದಂಡೆಯ ಮೇಲಿದೆ. 1906ರಲ್ಲಿ ಶುರುವಾಯಿತು. ಮೊದಲು ಕಲ್ಲಿದ್ದಲಿನಿಂದ, 1937ರ ನಂತರ ಎಣ್ಣೆಯಿಂದ ಗ್ಯಾಸ್ ಮಾಡಿದರು. ಪೈಪಿನಲ್ಲಿ ನೈಸರ್ಗಿಕ ಅನಿಲ ಬಂದ ಮೇಲೆ 1956ರಲ್ಲಿ ಮುಚ್ಚಿತು. ಸುಮಾರು 20 ಎಕರೆ ಜಾಗ, ನೆಲದೊಳಗೆಲ್ಲ 50 ವರ್ಷದ ಡಾಂಬರು. ಹೊಗೆ ನಿಂತಿತು, ನೆಲ ಮಾತ್ರ ಹಾಗೇ ಉಳಿಯಿತು. ಆ ತುಕ್ಕು ಹಿಡಿದ ಗೋಪುರಗಳನ್ನು ಕೆಡವಬೇಕು ಎಂದು ಬಹಳ ಜನ ಹೇಳಿದರು. ರಿಚರ್ಡ್ ಹ್ಯಾಗ್ ಎಂಬ ಉದ್ಯಾನ ವಿನ್ಯಾಸಕಾರ ಬೇಡ ಎಂದು ಹಟ ಹಿಡಿದರು. ಗೋಪುರ ಉಳಿದವು, 1975ರಲ್ಲಿ ಅಲ್ಲೇ ಉದ್ಯಾನ ತೆರೆಯಿತು. ಮಣ್ಣನ್ನು ಬೇರೆಡೆ ಸಾಗಿಸಿ ಕೈ ತೊಳೆದುಕೊಳ್ಳಲಿಲ್ಲ. ಅದಕ್ಕೆ ಚರಂಡಿ ಕೆಸರು, ಕಟ್ಟಿಗೆ ಹೊಟ್ಟು ಬೆರೆಸಿ, ಸೂಕ್ಷ್ಮಜೀವಿಗಳು ವಿಷವನ್ನು ತಿನ್ನುವಂತೆ ಮಾಡಲು ನೋಡಿದರು. ಫ್ಯಾಕ್ಟರಿಯ ಅವಶೇಷ ಗುಡ್ಡೆ ಹಾಕಿ ದಿಬ್ಬ ಮಾಡಿದರು, ಈಗ ಅದರ ಮೇಲೆ ಜನ ಗಾಳಿಪಟ ಹಾರಿಸುತ್ತಾರೆ. ಆದರೂ ಪೂರ್ತಿ ಗೆಲ್ಲಲಾಗಲಿಲ್ಲ. 1984ರಲ್ಲಿ ಮಣ್ಣಿನ ಪರೀಕ್ಷೆಗೆಂದು ಉದ್ಯಾನವನ್ನೇ ಕೆಲಕಾಲ ಮುಚ್ಚಿದರು. ಆ ದಂಡೆಯಲ್ಲಿ ನೀರಿಗೆ ಇಳಿಯಬಾರದೆಂದು ಇಂದಿಗೂ ನಿಯಮ ಇದೆ.

ಒಬ್ಬ ಹುಡುಗಿ ಕೇಳಿದಳು: "ಮಿಸ್, ಅವರು ಗ್ಯಾಸ್ ಮಾಡುವಾಗಲೇ ಇದು ಗೊತ್ತಿರಲಿಲ್ವಾ?" ಆ ದಿನ ತರಗತಿ ಮುಗಿದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಈ ಪಾಠವನ್ನು ನಾನು ಬಿಡಲಾರದ್ದು ಆ ಪ್ರಶ್ನೆಗಾಗಿ.

ಕೂಡಗಿಯ ವಿದ್ಯುತ್ ಸ್ಥಾವರದ ಮಾತನ್ನೂ ಕೆಲವರು ಎತ್ತಿದಿರಿ. ನಿಮ್ಮಲ್ಲಿ ಹಲವರಿಗೆ ಅಲ್ಲೇ ಅನ್ನ. ನಮ್ಮ ಜಿಲ್ಲೆಯ ಆ 2400 ಮೆಗಾವ್ಯಾಟ್ ಸ್ಥಾವರದ ವಿರುದ್ಧ ನಾವು ಏನೂ ಕಲಿಸುತ್ತಿಲ್ಲ, ಕಲಿಸುವುದೂ ಇಲ್ಲ. ಅಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುತ್ತಾರೆ, ಗ್ಯಾಸ್ ಮಾಡುವುದಿಲ್ಲ. ಕೆಲಸವೇ ಬೇರೆ. ಆದರೆ ಕಲ್ಲಿದ್ದಲಿನ ರೈಲನ್ನು ನೋಡುತ್ತಾ ಬೆಳೆಯುವ ಮಕ್ಕಳು ಅದರ ಬಗ್ಗೆ ಕೇಳಬಾರದು ಎಂದು ನಾನು ಹೇಳಲಾರೆ. ನಿಮ್ಮಲ್ಲಿ ಅಲ್ಲಿ ಕೆಲಸ ಮಾಡುವ ಯಾರಾದರೂ ಬಂದು ಬೂದಿಯನ್ನು ಏನು ಮಾಡುತ್ತಾರೆ ಎಂದು ಮಕ್ಕಳಿಗೆ ವಿವರಿಸಿದರೆ ನಮಗೆ ತುಂಬಾ ಸಂತೋಷ.

ದೂರದ ವಿಷಯ ಅಂದಿರಿ. ಅಲ್ಮೇರಾದಲ್ಲಿ ಬಟ್ಟೆಗೆ ನುಸಿ ಬೀಳದಿರಲಿ ಎಂದು ಇಡುವ ಬಿಳಿ ಗುಳಿಗೆಗೆ ನಾವು ಏನನ್ನುತ್ತೇವೆ? ಡಾಂಬರು ಗುಳಿಗೆ. ಅದರೊಳಗಿನ ನ್ಯಾಫ್ತಲಿನ್ ಎಂಬ ವಸ್ತು ಬಂದದ್ದೇ ಈ ಡಾಂಬರಿನಿಂದ. 1856ರಲ್ಲಿ ಪರ್ಕಿನ್ ಎಂಬ ಇಂಗ್ಲೆಂಡಿನ 18 ವರ್ಷದ ಹುಡುಗ, ಮಲೇರಿಯಾಕ್ಕೆ ಔಷಧ ಮಾಡಲು ಹೋಗಿ, ಡಾಂಬರಿನಿಂದ ತೆಗೆದ ವಸ್ತುವಿನಲ್ಲಿ ನೇರಳೆ ಬಣ್ಣ ಕಂಡ. ಬೇರಿನಿಂದ ತೆಗೆಯುತ್ತಿದ್ದ ಕೆಂಪು ಬಣ್ಣವನ್ನು 1868ರಲ್ಲಿ ಜರ್ಮನಿಯವರು ಡಾಂಬರಿನಿಂದಲೇ ಮಾಡಿದರು. ಇದನ್ನು ಕೇಳಿ ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ಅಜ್ಜಿಯ ಸೀರೆಯ ಕೆಂಪು ಸೆರಗು ಹಿಡಿದು ನೋಡಿದಳಂತೆ. ಜಾತ್ರೆಯಲ್ಲಿ, ಪಾರಿಜಾತದ ಆಟದಲ್ಲಿ ಉರಿಯುತ್ತಿದ್ದ ಗ್ಯಾಸ್ ಬತ್ತಿ ನೆನಪಿದೆಯಲ್ಲ? ಅದರೊಳಗೆ ಬೆಳಗುವ ಬಲೆ, ಅಂದರೆ ಮ್ಯಾಂಟಲ್, ಮೊದಲು ತಯಾರಾದದ್ದು 1885ರಲ್ಲಿ, ಗ್ಯಾಸ್ ದೀಪಕ್ಕಾಗಿ.

ಪಾಠ ಮುಂದುವರಿಯುತ್ತದೆ. ಇನ್ನು ಒಂದೇ ಶನಿವಾರ ಉಳಿದಿದೆ. ಪ್ರಯೋಗ ಶಾಲೆಯ ಅಂಗಳದಲ್ಲಿ, ಬಯಲಿನಲ್ಲಿ ನಡೆಯುತ್ತದೆ. ಸರ್ ಮಾತ್ರ ನಳಿಗೆ ಮುಟ್ಟುತ್ತಾರೆ, ಮಕ್ಕಳು ದೂರ ಕೂರುತ್ತಾರೆ, ನಾನೂ ಅಲ್ಲೇ ಇರುತ್ತೇನೆ. ಬೇಡ ಎನ್ನುವವರ ಮಕ್ಕಳನ್ನು ಆ ಹೊತ್ತು ಗ್ರಂಥಾಲಯದಲ್ಲಿ ಕೂರಿಸುತ್ತೇವೆ. ಅವರ ಅಂಕ ಒಂದೂ ಕಡಿಮೆ ಆಗುವುದಿಲ್ಲ, ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಆದರೆ ಕಳಿಸಿ ಎಂದೇ ನನ್ನ ಮನಸಾರೆ ಕೋರಿಕೆ.

ಇದರ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ಕಳಿಸಿಕೊಡಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ವಿಜಯಪುರ