ಅಂಕ ಹಂಚಿಕೊಳ್ಳುವ ಮುನ್ನ

ಆತ್ಮೀಯ ಪೋಷಕರೇ,

ನಿನ್ನೆಯಿಂದ ನಮ್ಮ ಗುಂಪಿನಲ್ಲಿ ಹರಿದಾಡುತ್ತಿರುವ 50 ಹೇಳಿಕೆಗಳ ಪ್ರಶ್ನಾವಳಿ ಒಬ್ಬರಲ್ಲಿ ಆಟಿಸಂನ (ಸ್ವಲೀನತೆಯ) ಲಕ್ಷಣಗಳು ಎಷ್ಟಿವೆ ಎಂದು ಅಳೆಯುವಂಥದ್ದು; ಅದು ಕೇಂಬ್ರಿಜ್ ವಿಶ್ವವಿದ್ಯಾಲಯದ ಆಟಿಸಂ ಸಂಶೋಧನಾ ಕೇಂದ್ರದ್ದು. ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು ಅದರ ಬಗ್ಗೆ 2001ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಲೇ ಇದ್ದಾರೆ. ವಾಹನಗಳ ನಂಬರ್ ಪ್ಲೇಟ್ ಗಮನಿಸುವ ಅಭ್ಯಾಸವನ್ನೂ ಈ ಪ್ರಶ್ನಾವಳಿ ಕೇಳುತ್ತದೆ. (ನಮ್ಮ ಯಜಮಾನರಿಗೆ ಅದೊಂದರಲ್ಲಿ ಪೂರ್ಣ ಅಂಕ!)

ಮೊದಲ ಅಧ್ಯಯನದಲ್ಲಿ ಆಟಿಸಂ ಇದ್ದವರ ಪೈಕಿ ಶೇ 80ರಷ್ಟು ಮಂದಿ 50ಕ್ಕೆ 32 ಅಥವಾ ಹೆಚ್ಚು ಅಂಕ ಪಡೆದರು. ಹೋಲಿಕೆಗೆಂದು ಆರಿಸಿದ ಇತರರಲ್ಲಿ ಶೇ 2 ಮಾತ್ರ. ಆದರೆ ಈ ಎರಡೂ ಗುಂಪಿನವರು ಸಾಮಾನ್ಯ ಬುದ್ಧಿಮತ್ತೆಯ ವಯಸ್ಕರು. ನಿಮ್ಮ ಐದು ವರ್ಷದ ಮಗುವಿನ ಪರವಾಗಿ ಇದನ್ನು ತುಂಬಬೇಡಿ. ಮಕ್ಕಳಿಗೆ ಬೇರೆ ಆವೃತ್ತಿಯೇ ಇದೆ, ಅದೂ ರೋಗನಿರ್ಣಯವಲ್ಲ.

ಇನ್ನೊಂದು ಮಾತು. ಇದೇ ಕೇಂದ್ರ 2021ರ ಆಗಸ್ಟ್‌ನಲ್ಲಿ ಹತ್ತು ಸಾವಿರ ಜನರ ಡಿಎನ್‌ಎ ಸಂಗ್ರಹಿಸಲು ಹೊರಟಿತ್ತು. ಆ ಮಾಹಿತಿ ಮುಂದೆ ಯಾವುದಕ್ಕೆ ಬಳಕೆಯಾದೀತು ಎಂದು ಆಟಿಸಂ ಇರುವವರೇ ಆಕ್ಷೇಪಿಸಿದರು. ಕೆಲವೇ ವಾರಗಳಲ್ಲಿ ಯೋಜನೆಯನ್ನು ತಡೆಹಿಡಿಯಬೇಕಾಯಿತು. 2001ರ ಪ್ರಬಂಧಕ್ಕೆ ಸಿಕ್ಕ ಉಲ್ಲೇಖಗಳ ಸಂಖ್ಯೆಯಷ್ಟನ್ನೇ ನೋಡಿ ಬೆರಗಾಗುವವರಿಗೆ ಇದು ಕಾಣುವುದಿಲ್ಲ.

ಈಗಾಗಲೇ ಮಕ್ಕಳ ಅಂಕಗಳನ್ನು ಹಾಕಿರುವವರು ದಯವಿಟ್ಟು ಇಂದೇ ಅಳಿಸಿಬಿಡಿ.